ಕಾಲು ಉಳುಕಿದರೆ ಊದಿಕೊಳ್ಳುವುದು ಯಾಕೆ? ಏನು ಮಾಡಬೇಕು?

ಊತ ಅಂದರೆ ದೇಹ ರಿಪೇರಿ ಶುರು ಮಾಡಿದೆ ಎಂದರ್ಥ. ಪೆಟ್ಟಾದ ಜಾಗದ ಜೀವಕೋಶಗಳು ಹಿಸ್ಟಮೈನ್, ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಅವು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ರಕ್ತ ಜಾಸ್ತಿ ಹರಿಯುತ್ತದೆ, ಅದಕ್ಕೇ ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ನಾಳದ ಗೋಡೆ ಸಡಿಲವಾಗಿ ನೀರಿನಂಶ ಹೊರಗೆ ಜಿನುಗುತ್ತದೆ, ಅದೇ ಊತ. ಬಿಳಿ ರಕ್ತಕಣಗಳೂ ಅದೇ ದಾರಿಯಲ್ಲಿ ಬಂದು ಹಾಳಾದದ್ದನ್ನು ತೆಗೆದು ಹಾಕುತ್ತವೆ. ನೋವೂ ಸುಮ್ನೆ ಬರುವುದಿಲ್ಲ. ಅದಿಲ್ಲದಿದ್ದರೆ ನಾವು ಕಾಲಿಗೆ ವಿಶ್ರಾಂತಿ ಕೊಡುತ್ತಲೇ ಇರಲಿಲ್ಲ, ಅಲ್ವಾ?

ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲಿಡಿ. ದಯವಿಟ್ಟು ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬೇಡಿ, ಊತ ಇನ್ನೂ ಹೆಚ್ಚಾಗಬಹುದು.

ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ. ಆಸ್ಪಿರಿನ್ ಕೆಲಸ ಮಾಡುವುದೂ ಹೀಗೇ ಎಂದು 1971ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು. ಆದರೆ ಹೊಟ್ಟೆಯ ಒಳಪದರವನ್ನು ಕಾಯುವುದೂ ಪ್ರೊಸ್ಟಗ್ಲಾಂಡಿನ್ನೇ. ಹಾಗಾಗಿ ಅಲ್ಸರ್ ಅಥವಾ ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇವನ್ನು ನುಂಗಬಾರದು. ಪ್ಯಾರಾಸಿಟಮಾಲ್ ನೋವು ತಗ್ಗಿಸುತ್ತದೆ, ಊತವನ್ನು ಅಷ್ಟಾಗಿ ಇಳಿಸುವುದಿಲ್ಲ.

ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಮೂಳೆ ಮುರಿದಿರಬಹುದು, ಎಕ್ಸ್‌ರೇ ಮಾಡಿಸಿ.