ಸರ್ವೀಸ್ ಮುಗಿದ್ಮೇಲೇ ಸೇವೆನಾ?

ಪ್ರಶ್ನೆ: 24 ವರ್ಷದಿಂದ ಒಂದೇ ಕಂಪನೀಲಿದೀನಿ ಸರ್, ಈಗ ಮ್ಯಾನೇಜರ್. ಟಾರ್ಗೆಟ್ ಹಿಂದೆ ಓಡೋದ್ರಲ್ಲೇ ದಿನ ಹೋಗುತ್ತೆ, ಮೌಲ್ಯ, ಸೇವೆ ಎಲ್ಲ ರಿಟೈರ್ ಆದ್ಮೇಲೆ ನೋಡ್ಕೊಂಡ್ರಾಯ್ತಾ?

ಉತ್ತರ: ಅಷ್ಟೊತ್ತಿಗೆ ಅಭ್ಯಾಸಾನೇ ತಪ್ಪೋಗಿರುತ್ತೆ ಸ್ವಾಮಿ! ಅಜೀಂ ಪ್ರೇಮ್‌ಜಿ ನೋಡಿ, 1966ರಲ್ಲಿ ಅಪ್ಪ ತೀರ್ಕೊಂಡಾಗ 21ನೇ ವಯಸ್ಸಿಗೇ ಓದು ಅರ್ಧಕ್ಕೆ ಬಿಟ್ಟು ಬಂದು ಅಡುಗೆ ಎಣ್ಣೆ ಕಂಪನಿ ವಹಿಸ್ಕೊಂಡ್ರು, ಅದೇ ಈಗಿನ ವಿಪ್ರೊ, ಇನ್ನು ಫೌಂಡೇಶನ್ ಶುರು ಮಾಡಿದ್ದು 2019ರಲ್ಲಿ ಕುರ್ಚಿ ಬಿಟ್ಮೇಲಲ್ಲ, ಸುಮಾರು ಎರಡು ದಶಕ ಮುಂಚೆ. ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಗಿದ್ದು ಆ ಫೌಂಡೇಶನ್ ದುಡ್ಡಿಂದ್ಲೇ, ಮೂರು ವರ್ಷಕ್ಕೆ 1,500 ಕೋಟಿ. ನಿಮ್ಮತ್ರ ಕೋಟಿ ಇಲ್ಲ, ನನ್ನತ್ರಾನೂ ಇಲ್ಲ ಬಿಡಿ. ಸಹಿ ಹಾಕೋ ಪೆನ್ ಇದೆಯಲ್ಲ? ಹೌಸ್‌ಕೀಪಿಂಗ್‌ನೋರ ಪಿಎಫ್ ಕಟ್ಟಿದ ಚಲನ್ ತೋರ್ಸಪ್ಪಾ ಅಂತ ಕಂಟ್ರಾಕ್ಟರ್‌ನ ಕೇಳಿ, ಆಮೇಲೆ ಬಿಲ್ ಪಾಸ್ ಮಾಡಿ.