ಹಂಗರ್ ಗೇಮ್ಸ್ ಮೊದಲ ಸಿನಿಮಾದ ಪ್ಲಸ್ ಏನು, ಮೈನಸ್ ಏನು?

ಕಾದಂಬರಿ ಓದಿದ್ದೀರಿ, 2012ರ ಸಿನಿಮಾಕ್ಕೆ ವಿಮರ್ಶೆ ಬರೆಯಬೇಕು, ಐದು ಪ್ಲಸ್ ಐದು ಮೈನಸ್ ಬೇಕು ಅಂತ ಕೇಳಿದ್ದೀರಿ. ಇದೇ ಸಿನಿಮಾಕ್ಕೆ ಹೀಗೇ ಎರಡು ಪಟ್ಟಿ ಮಾಡಿ ನಾನೂ ಬರೆದಿದ್ದೆ. ಅದರಿಂದ ಒಂದು ಪತ್ರಿಕೆಯಲ್ಲಿ ಸಿಗಬೇಕಿದ್ದ ಅಂಕಣ ಕೈತಪ್ಪಿತು.

ಸುಝಾನ್ ಕಾಲಿನ್ಸ್ ಅವರ ಕಾದಂಬರಿ ಮುಗಿಸಿದ ಗುಂಗಿನಲ್ಲೇ ಸಿನಿಮಾ ನೋಡಿದ್ದೆ. ಸರ್ಕಾರವೇ ಮಕ್ಕಳನ್ನು ಸಾಯುವವರೆಗೆ ಕಾದಾಡಿಸಿ ಟಿವಿಯಲ್ಲಿ ತೋರಿಸುವ ಆಟದ ಕಥೆ ಅದು. ಆಟದ ನಡುವೆ ಗುಹೆಯಲ್ಲಿ ನಾಯಕಿ ಕ್ಯಾಟ್ನಿಸ್ ತನ್ನೂರಿನ ಹುಡುಗ ಪೀಟಾ ಜೊತೆ ಪ್ರೀತಿಯ ನಾಟಕ ಆಡುತ್ತಿದ್ದಾಳೆ ಅನ್ನೋದು ಬಹಳ ಸ್ಪಷ್ಟವಾಗಿ ಬಂದಿದೆ ಅಂತ ಪ್ಲಸ್ ಪಟ್ಟಿಗೆ ಸೇರಿಸಿದೆ. ಕಾದಂಬರಿ ಓದಿರದ ಸಂಪಾದಕರು ಕೇಳಿದ್ದು ಒಂದೇ ಮಾತು: "ಅದು ನಾಟಕ ಅಂತ ನಿಮಗೆ ಯಾವ ಶಾಟ್‌ನಲ್ಲಿ ಗೊತ್ತಾಯಿತು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮತ್ತೆ ಹಾಕಿ ನೋಡಿದೆ. ಗಾಯಗೊಂಡ ಪೀಟಾಗೆ ಅವಳು ಮುತ್ತು ಕೊಡುತ್ತಾಳೆ. ಆಟ ನೋಡಿ ಮೆಚ್ಚಿದವರ ದುಡ್ಡಿನಿಂದ ಪ್ಯಾರಾಚೂಟ್‌ನಲ್ಲಿ ಸೂಪ್ ಬರುತ್ತದೆ, ಜೊತೆಗೆ ಇದೂ ಒಂದು ಮುತ್ತಾ ಅಂತ ಕೇಳುವ, ಅವರ ಮಾರ್ಗದರ್ಶಕ ಹೇಮಿಚ್‌ನ ಚೀಟಿ. ಸಿನಿಮಾ ಕೊಡುವ ಸುಳಿವು ಹೆಚ್ಚುಕಡಿಮೆ ಅಷ್ಟೇ. ಕಾದಂಬರಿಯಲ್ಲಿ ಚೀಟಿಯೇ ಇಲ್ಲ. ಒಂದು ಮುತ್ತಿಗೆ ಒಂದು ಪಾತ್ರೆ ಸೂಪ್ ಅನ್ನುವ ಲೆಕ್ಕವನ್ನು ಅವಳೇ ಹಾಕಿಕೊಳ್ಳುತ್ತಾಳೆ. ತನಗೆ ನಿಜವಾಗಿ ಏನನಿಸುತ್ತಿದೆ ಅಂತ ಅವಳಿಗೇ ಗೊತ್ತಾಗದ ಗೊಂದಲವೂ ಅಲ್ಲೇ ಇದೆ. ಆ ಲೆಕ್ಕ, ಆ ಗೊಂದಲ ಎರಡನ್ನೂ ನಾನು ಪುಸ್ತಕದಿಂದ ತಂದು ತೆರೆಯ ಮೇಲೆ ಅಂಟಿಸಿದ್ದೆ. ಕ್ಯಾಟ್ನಿಸ್ ಆಗಿರುವ ಜೆನಿಫರ್ ಲಾರೆನ್ಸ್ ಮುಖದಲ್ಲಿ ನಾನು ಓದಿದ್ದು ಕಾಲಿನ್ಸ್ ಬರೆದ ಸಾಲುಗಳನ್ನು. ಪುಸ್ತಕ ಓದದವರಿಗೆ ಅದು ಸಾಧಾರಣ ಪ್ರೇಮದೃಶ್ಯ. ಇಲ್ಲದ್ದನ್ನು ನೋಡಿದೆ ಅಂತ ಬರೆದವರ ಉಳಿದ ಮಾತನ್ನು ಯಾರು ನಂಬುತ್ತಾರೆ? ನೀವೂ ಪುಸ್ತಕ ಓದಿದ್ದೀರಿ, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಈಗ ಪಟ್ಟಿಯ ವಿಷಯ. ಪಟ್ಟಿ ಮಾಡಲೇಬೇಡಿ. ಈ ಸಿನಿಮಾದ ಬಲ, ದೌರ್ಬಲ್ಯ ಎರಡೂ ಒಂದೇ ನಿರ್ಧಾರದಿಂದ ಬಂದಿವೆ. ಕಾದಂಬರಿ ಪೂರ್ತಿ ಕ್ಯಾಟ್ನಿಸ್ "ನಾನು" ಅಂತ ಹೇಳುವ ಕಥೆ. ನಿರ್ದೇಶಕ ಗ್ಯಾರಿ ರಾಸ್ ಅವಳ ತಲೆಯಿಂದ ಹೊರಗೆ ಬಂದರು. ಗುಹೆ ಸೋತದ್ದು ಅದಕ್ಕೇ.

ಆಟದಲ್ಲಿ ಅವಳ ಜೊತೆಗಾತಿಯಾದ ರೂ ಸಾಯುವ ಭಾಗ ಗೆದ್ದದ್ದೂ ಅದಕ್ಕೇ. ಕ್ಯಾಟ್ನಿಸ್ ಆ ಪುಟ್ಟ ಹುಡುಗಿಯ ಸುತ್ತ ಹೂವಿಟ್ಟು, ಕ್ಯಾಮೆರಾ ಕಡೆ ಮೂರು ಬೆರಳು ಎತ್ತುತ್ತಾಳೆ. ತಕ್ಷಣ ಸಿನಿಮಾ ರೂಳ ಊರಾದ ಡಿಸ್ಟ್ರಿಕ್ಟ್ 11ಕ್ಕೆ ಹೋಗುತ್ತದೆ. ಅಲ್ಲಿನ ಜನ ಅದೇ ಸನ್ನೆ ಮಾಡಿ, ದಂಗೆ ಏಳುತ್ತಾರೆ. ಪುಸ್ತಕದ ಆ ಜಾಗದಲ್ಲಿ ದಂಗೆ ಇಲ್ಲ, ಆ ಜಿಲ್ಲೆಯವರು ಅವಳಿಗೆ ಒಂದು ಬ್ರೆಡ್ ಕಳಿಸುತ್ತಾರೆ. ಅದೂ ಚೆನ್ನಾಗಿದೆ. ಆದರೆ ಒಂದು ಸನ್ನೆ ಸರ್ಕಾರವನ್ನು ಯಾಕೆ ಹೆದರಿಸುತ್ತದೆ ಅನ್ನೋದನ್ನು ಸಿನಿಮಾ ಕಣ್ಣಾರೆ ತೋರಿಸಿತು. ಕಂಟ್ರೋಲ್ ರೂಮಿನಲ್ಲಿ ಕೂತು ಕಾಡಿಗೆ ಬೆಂಕಿ ಹಚ್ಚಿಸುವ ಆಟದ ಆಯೋಜಕರು, ಗುಲಾಬಿ ತೋಟದಲ್ಲಿ ದೇಶದ ಅಧ್ಯಕ್ಷ ಸ್ನೋ ಆಡುವ ಮಾತು, ಇವೆಲ್ಲ ಅವಳ ತಲೆಯೊಳಗೇ ಕೂತಿದ್ದರೆ ಸಿಗುತ್ತಿರಲಿಲ್ಲ.

ಕ್ಯಾಮೆರಾ ಅಲುಗಾಟವೇ ದೊಡ್ಡ ಮೈನಸ್ ಅಲ್ವಾ ಅಂದಿದ್ದೀರಿ. ನಾನು ಒಪ್ಪಲ್ಲ. ಆಟ ಶುರುವಾದ ಕ್ಷಣದ ಕಗ್ಗೊಲೆಯಲ್ಲಿ ಸದ್ದನ್ನು ಅಡಗಿಸಿ, ಚೂರುಚೂರು ನೋಟ ಮಾತ್ರ ಕೊಡುತ್ತಾರೆ. ಮಕ್ಕಳು ಮಕ್ಕಳನ್ನು ಕೊಲ್ಲುವುದನ್ನು ಹದಿಹರೆಯದವರಿಗೆ ತೋರಿಸಬೇಕಿತ್ತು. ಬ್ರಿಟನ್‌ನಲ್ಲಿ 12ಎ (12 ತುಂಬದ ಮಕ್ಕಳು ದೊಡ್ಡವರ ಜೊತೆ ಮಾತ್ರ ನೋಡಬಹುದಾದ) ಸರ್ಟಿಫಿಕೇಟ್‌ಗಾಗಿ ಇದರಲ್ಲೂ 7 ಸೆಕೆಂಡ್ ತೆಗೆಯಬೇಕಾಯಿತು. ನಿಚ್ಚಳವಾಗಿ ತೋರಿಸಿದ್ದರೆ ನಾವೂ ಈ ಆಟವನ್ನು ಮನರಂಜನೆಯಾಗಿ ನೋಡುವ ರಾಜಧಾನಿ ಕ್ಯಾಪಿಟಲ್‌ನ ಪ್ರೇಕ್ಷಕರ ಥರ ಮಜಾ ತಗೊಳ್ತಿದ್ದೆವು.

ನನ್ನ ಪ್ರಕಾರ ನಿಜವಾದ ಕೊರತೆ ಹಸಿವು. ಹೆಸರಲ್ಲೇ ಇರುವ ಹಸಿವು ತೆರೆಯ ಮೇಲೆ ಕಾಣಲ್ಲ. ಮಳೆಯಲ್ಲಿ ಪೀಟಾ ಸುಟ್ಟ ಬ್ರೆಡ್ ಎಸೆದದ್ದು ಸಣ್ಣ ತುಣುಕುಗಳಾಗಿ ಬಂದು ಹೋಗುತ್ತದೆ. ಅಪ್ಪ ಸತ್ತ ಮೇಲೆ ಆ ಮನೆ ಎಷ್ಟು ಉಪವಾಸ ಬಿದ್ದಿತ್ತು, ಆ ಬ್ರೆಡ್ ಯಾಕೆ ತೀರಿಸಲಾಗದ ಋಣ, ಅದು ಗೊತ್ತಾಗುವುದೇ ಇಲ್ಲ. ಹಾಗಾಗಿ ಗುಹೆಗೆ ಬರುವಷ್ಟರಲ್ಲಿ ಅವಳು ಅವನಿಗಾಗಿ ಜೀವ ಪಣಕ್ಕಿಡುವುದಕ್ಕೆ ಪ್ರೀತಿ ಒಂದೇ ಕಾರಣ ಅನಿಸಿಬಿಡುತ್ತದೆ.

ಪುಸ್ತಕ ಓದದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ನೋಡಿ. ಗುಹೆಯ ದೃಶ್ಯ ಮುಗಿದ ತಕ್ಷಣ ನಿಲ್ಲಿಸಿ, ಇವಳು ಯಾಕೆ ಹೀಗೆ ಮಾಡಿದಳು ಅಂತ ಕೇಳಿ. ನಿಮ್ಮ ವಿಮರ್ಶೆಯನ್ನು ಅವರ ಉತ್ತರದಿಂದ ಶುರು ಮಾಡಿ.