ಕಪ್ಪು ಮೋಡದಲ್ಲಿ ಇಂಗಾಲದ ಸರಪಳಿ

ಪ್ರಶ್ನೆ: ನಕ್ಷತ್ರಗಳ ನಡುವಿನ ಮೋಡಗಳಲ್ಲಿ ಇಂಗಾಲದ ಉದ್ದನೆ ಸರಪಳಿ ಅಣುಗಳಿವೆಯಂತೆ. ಅಲ್ಲಿಂದ ಯಾರೂ ಮಾದರಿ ತಂದಿಲ್ಲ. ಹಾಗಾದರೆ ಹೇಗೆ ಗೊತ್ತಾಯಿತು ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ಬೆಟಗೇರಿ, ಗದಗ

ಉತ್ತರ: ಡಿಸೆಂಬರ್ ರಾತ್ರಿ ಮಾಳಿಗೆ ಹತ್ತಿ ಕೃತ್ತಿಕೆ, ರೋಹಿಣಿ ನೋಡು ತಂಗಿ. ಅದೇ ವೃಷಭ ರಾಶಿಯಲ್ಲಿ ಟಿಎಂಸಿ-1 ಎಂಬ ಕಪ್ಪು ಮೋಡವಿದೆ. ಕಣ್ಣಿಗೆ ಕಾಣೋದಿಲ್ಲ ಬಿಡು. ಅಲ್ಲಿ ಸುಮಾರು ಮೈನಸ್ 263 ಡಿಗ್ರಿ ಚಳಿ.

ಅಷ್ಟು ಚಳಿಯಲ್ಲೂ ಅಣುಗಳು ತಿರುಗುತ್ತಿರುತ್ತವೆ, ಆದರೆ ಕೆಲವು ಗೊತ್ತಾದ ವೇಗಗಳಲ್ಲಿ ಮಾತ್ರ. ಒಂದು ವೇಗದಿಂದ ಕೆಳಗಿನದಕ್ಕೆ ಇಳಿದಾಗ ರೇಡಿಯೋ ಅಲೆ ಹೊರಬೀಳುತ್ತದೆ. ಅದರ ಆವರ್ತನಗಳು ಒಂದೊಂದು ಅಣುವಿಗೂ ಬೇರೆ. ರೇಡಿಯೋ ದೂರದರ್ಶಕ ಹಿಡಿದ ಅಲೆಗಳಲ್ಲಿ ಒಂದೊಂದು ಆವರ್ತನವೂ ಒಂದೊಂದು ಗೆರೆಯಾಗಿ ಕಾಣುತ್ತದೆ. ಸರಪಳಿ ಉದ್ದವಾದಷ್ಟೂ ಗೆರೆಗಳು ಹತ್ತಿರವಾಗುತ್ತವೆ. 3 ಇಂಗಾಲದ ಸಯನೋಅಸೆಟಿಲೀನ್‌ನಲ್ಲಿ ಗೆರೆಗಳ ನಡುವೆ ಸುಮಾರು 9,100 ಮೆಗಾಹರ್ಟ್ಸ್ ಅಂತರ. ಅದೇ ಜಾತಿಯ 9 ಇಂಗಾಲದ ಸರಪಳಿಯಲ್ಲಿ ಬರೀ 581! ಬಿ.ಎಸ್ಸಿ.ಯಲ್ಲಿ ಈ '2ಬಿ ಅಂತರ'ವನ್ನು (ಬಿ ಎಂದರೆ ಅಣುವಿನ ತಿರುಗುವಿಕೆಯ ಸ್ಥಿರಾಂಕ) ನಾನು ಸುಮ್ನೆ ಬಾಯಿಪಾಠ ಮಾಡಿದ್ದೆ. ಆಕಾಶಕ್ಕೂ ಅದಕ್ಕೂ ನಂಟಿದೆ ಎಂದು ಆಗ ಯಾರೂ ಹೇಳಲಿಲ್ಲ.

ಒಂದೇ ಗೆರೆ ಸಿಕ್ಕರೆ ಸಾಲದು. ಹಲವು ಗೆರೆಗಳು ಅದೇ ಅಣುವಿಗೆ ಪ್ರಯೋಗಾಲಯದಲ್ಲಿ ಸಿಕ್ಕ ಲೆಕ್ಕಕ್ಕೆ ಕೂಡಬೇಕು. ಇನ್ನೊಂದು ತೊಡಕಿದೆ: ಎರಡೂ ತುದಿ ಒಂದೇ ತರಹ ಇರುವ ಸರಪಳಿ ಹೀಗೆ ತಿರುಗಿ ರೇಡಿಯೋ ಅಲೆ ಕೊಡುವುದಿಲ್ಲ. ಒಂದು ತುದಿಗೆ ಸಾರಜನಕ ಅಂಟಿಕೊಂಡು ವಿದ್ಯುದಂಶ ಆ ಕಡೆ ವಾಲಿದರೆ ನಮ್ಮ ಅದೃಷ್ಟ. 11 ಇಂಗಾಲದ ಅಂಥ ಸರಪಳಿಯನ್ನು ಅಮೆರಿಕದ 100 ಮೀಟರಿನ ಗ್ರೀನ್ ಬ್ಯಾಂಕ್ ದೂರದರ್ಶಕದಿಂದ 2021ರಲ್ಲಿ ಪತ್ತೆಮಾಡಿದರು.

ಬ್ರಿಟನ್ನಿನ ರಸಾಯನ ವಿಜ್ಞಾನಿ ಹೆರಾಲ್ಡ್ ಕ್ರೋಟೊ ಈ ಸರಪಳಿಗಳ ಹಿಂದೆಯೇ ಬಿದ್ದಿದ್ದವರು. ಅವನ್ನು ಪ್ರಯೋಗಾಲಯದಲ್ಲಿ ಮಾಡಲು ಹೋದಾಗ, 1985ರಲ್ಲಿ, 60 ಇಂಗಾಲದ ಚೆಂಡು ಸಿಕ್ಕಿತು. 1996ರ ನೊಬೆಲ್ ಬಂದದ್ದು ಅದಕ್ಕೇ.